ಹೊಸ ಮೊಬೈಲಿಗೆ ಹಳೆಯ ಖರೀದಿ ಬರುವುದೇ? – ವ್ಯಾಪಾರಸ್ಥರು ಅರಿತಿರಬೇಕಾದ ಅಂಶಗಳು

ರಾಬರ್ಟ್‌ಸನ್‌ಪೇಟೆಯ ಜವಳಿ ಅಂಗಡಿಗಳಿಂದ ಹಿಡಿದು ಬಂಗಾರಪೇಟೆಯ ರೈಲು ನಿಲ್ದಾಣದ ಆಸುಪಾಸಿನ ಕಿರಾಣಿ ಮಳಿಗೆಗಳವರೆಗೆ, ಮೊಬೈಲ್ ಫೋನು ಇಂದು ಕೇವಲ ಮಾತನಾಡುವ ಸಾಧನವಾಗಿ ಉಳಿದಿಲ್ಲ. ಬಿಲ್ಲು ಬರೆಯುವುದು, ಉದ್ರಿ ಲೆಕ್ಕ ಇಡುವುದು, ದಾಸ್ತಾನು ನೋಡಿಕೊಳ್ಳುವುದು, ಹಣ ಸ್ವೀಕರಿಸುವುದು ಎಲ್ಲವೂ ಅದರಲ್ಲಿಯೇ ನಡೆಯುತ್ತಿವೆ. ಈ ಕೆಲಸಗಳಿಗಾಗಿ ಅನೇಕ ಸಣ್ಣ ವ್ಯಾಪಾರಸ್ಥರು ಹಾಗೂ ಸಣ್ಣ ಕೈಗಾರಿಕೆಗಳ ಮಾಲೀಕರು ಹಣ ತೆತ್ತು ಆ್ಯಪ್‌ಗಳನ್ನು ಕೊಂಡಿದ್ದಾರೆ. ಆದರೆ ಫೋನು ಹಳತಾಗಿ ಹೊಸದನ್ನು ತಂದಾಗ, ಕೊಂಡಿದ್ದ ಆ್ಯಪ್ ಅದರಲ್ಲಿ ಕಾಣಿಸದೆ, ಅಥವಾ ಕಾಣಿಸಿದರೂ ಮತ್ತೊಮ್ಮೆ ಹಣ ಕೇಳುವ ಪ್ರಸಂಗ ಎದುರಾಗುವುದುಂಟು. ಒಮ್ಮೆ ಕೊಂಡ ವಸ್ತುವಿಗೆ ಎರಡನೆಯ ಬಾರಿ ಏಕೆ ಬೆಲೆ ತೆರಬೇಕು ಎಂಬ ಪ್ರಶ್ನೆ ಸಹಜವಾದುದೇ. ಇದಕ್ಕೆ ಉತ್ತರವನ್ನು ಫೋನು ಬದಲಾಯಿಸುವ ಮುನ್ನವೇ ತಿಳಿದಿರುವುದು ಒಳಿತು.

ಕೊಂಡದ್ದು ಸರಕಲ್ಲ, ಅನುಮತಿ

ಅಂಗಡಿಯಲ್ಲಿ ತಕ್ಕಡಿಯೊಂದನ್ನು ಕೊಂಡರೆ ಅದು ಕೊಂಡವನ ಸ್ವತ್ತು. ಆ್ಯಪ್ ಹಾಗಲ್ಲ. ನಾವು ಹಣ ಕೊಟ್ಟು ಪಡೆಯುವುದು ಅದನ್ನು ಬಳಸುವ ಅನುಮತಿಯನ್ನು ಮಾತ್ರ. ಈ ಅನುಮತಿಯು ಫೋನಿಗೆ ಸೇರಿದ್ದಲ್ಲ. ಆ್ಯಪನ್ನು ಕೊಳ್ಳುವಾಗ ಫೋನಿನಲ್ಲಿ ತೆರೆದಿದ್ದ ಗೂಗಲ್ ಖಾತೆಗೋ ಆಪಲ್ ಖಾತೆಗೋ ಸೇರಿದ್ದು. ಅದೇ ಖಾತೆಯನ್ನು ಹೊಸ ಆ್ಯಂಡ್ರಾಯ್ಡ್ ಫೋನಿನಲ್ಲಿ ತೆರೆದರೆ, ಪ್ಲೇ ಸ್ಟೋರಿನಲ್ಲಿ ಹಿಂದೆ ಕೊಂಡಿದ್ದ ಆ್ಯಪನ್ನು ಮತ್ತೆ ಹಣ ಕೊಡದೆ ಪಡೆಯಬಹುದು. ಬೇರೆ ಖಾತೆ ತೆರೆದರೆ, ಆ ಖಾತೆಯ ಮಟ್ಟಿಗೆ ನಾವು ಹೊಸ ಗಿರಾಕಿಗಳು.

ಕೋಲಾರ ಚಿನ್ನದ ಗಣಿ ಪ್ರದೇಶದವರಿಗೆ ಸ್ವತ್ತಿಗೂ ಅನುಮತಿಗೂ ಇರುವ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಕಾರ್ಮಿಕರು ತಲೆಮಾರುಗಳ ಕಾಲ ವಾಸವಿದ್ದ ಲೈನು ಮನೆಗಳು ಕಂಪನಿಗೆ ಸೇರಿದ್ದವು. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ, ವಾಸಿಸುವ ಹಕ್ಕು ಬೇರೆ, ಮನೆಯ ಒಡೆತನ ಬೇರೆ ಎಂಬುದು ಎಲ್ಲರ ಅನುಭವಕ್ಕೂ ಬಂದಿತು. ಆ್ಯಪ್‌ನ ವಿಷಯ ಅಷ್ಟು ದೊಡ್ಡದಲ್ಲವಾದರೂ ತತ್ತ್ವ ಒಂದೇ.

ಗಣಕಯಂತ್ರದಲ್ಲಿ ಲೆಕ್ಕ ಇಡುವವರಿಗೂ ಇದು ಹೊಸತಲ್ಲ. ಬೆಂಗಳೂರಿನ ಟ್ಯಾಲಿ ಸಂಸ್ಥೆಯ ತಂತ್ರಾಂಶವನ್ನು ಹೊಸ ಯಂತ್ರಕ್ಕೆ ಒಯ್ಯುವಾಗ, ಹಳೆಯ ಯಂತ್ರದಲ್ಲಿ ಲೈಸೆನ್ಸನ್ನು ಸರೆಂಡರ್ ಮಾಡಿ, ಹೊಸ ಯಂತ್ರದಲ್ಲಿ ಮತ್ತೆ ಸಕ್ರಿಯಗೊಳಿಸುವ ಪದ್ಧತಿಯಿದೆ. ಅಲ್ಲಿಯೂ ಸೀರಿಯಲ್ ಸಂಖ್ಯೆ ಮತ್ತು ನೋಂದಾಯಿತ ಇ-ಮೇಲ್ ವಿಳಾಸವೇ ಖರೀದಿಗೆ ಆಧಾರ.

ಖಾತೆ ಯಾರ ಹೆಸರಿನಲ್ಲಿದೆ?

ಆದ್ದರಿಂದ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಅಂಗಡಿಯ ಫೋನಿನಲ್ಲಿರುವ ಖಾತೆ ಯಾರದು ಎಂಬುದು. ಫೋನು ಕೊಂಡ ದಿನ ಮೊಬೈಲ್ ಅಂಗಡಿಯ ಹುಡುಗನೇ ಒಂದು ಇ-ಮೇಲ್ ವಿಳಾಸ ಸೃಷ್ಟಿಸಿ, ಫೋನು ಚಾಲೂ ಮಾಡಿ ಕೊಡುವುದು ಸಾಮಾನ್ಯ. ಆ ವಿಳಾಸವನ್ನಾಗಲಿ ಪಾಸ್‌ವರ್ಡನ್ನಾಗಲಿ ಮಾಲೀಕರು ಬರೆದಿಟ್ಟುಕೊಂಡಿರುವುದಿಲ್ಲ. ನಮ್ಮ ಭಾಗದಿಂದ ದಿನನಿತ್ಯ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಸಾವಿರಾರು ಜನರಲ್ಲಿ ಯಾರಾದರೊಬ್ಬರ ಕೈಯಲ್ಲಿ ಫೋನು ತರಿಸಿಕೊಂಡಿದ್ದರಂತೂ, ಖಾತೆ ತೆರೆದವರನ್ನು ಮತ್ತೆ ಹುಡುಕುವುದು ಕಷ್ಟ. ಇನ್ನು ಕೆಲವೆಡೆ ಮಗನ ಖಾತೆಯಲ್ಲಿಯೋ ಗುಮಾಸ್ತನ ಖಾತೆಯಲ್ಲಿಯೋ ಆ್ಯಪ್ ಕೊಂಡಿರುತ್ತಾರೆ. ಗುಮಾಸ್ತ ಕೆಲಸ ಬಿಟ್ಟ ದಿನ ಆ ಖರೀದಿಯೂ ಅವನೊಂದಿಗೆ ಹೋಗುತ್ತದೆ. ಒಂದು ಗೂಗಲ್ ಖಾತೆಯ ಖರೀದಿಯನ್ನು ಮತ್ತೊಂದು ಗೂಗಲ್ ಖಾತೆಗೆ ವರ್ಗಾಯಿಸಲು ಗೂಗಲ್ ಅವಕಾಶ ಕೊಡುವುದಿಲ್ಲ. ಆಪಲ್ ಸಂಸ್ಥೆಯು 2025ರ ಫೆಬ್ರವರಿಯಲ್ಲಿ ಇಂತಹ ವರ್ಗಾವಣೆಯ ಸೌಲಭ್ಯ ಆರಂಭಿಸಿದಾಗ ಭಾರತವನ್ನು ಅದರಿಂದ ಹೊರಗಿಟ್ಟಿತ್ತು.

ಬಳಸದೆ ಬಿಟ್ಟ ಖಾತೆಯೂ ಶಾಶ್ವತವಲ್ಲ. ಎರಡು ವರ್ಷ ನಿಷ್ಕ್ರಿಯವಾಗಿರುವ ವೈಯಕ್ತಿಕ ಖಾತೆಗಳನ್ನು ಅಳಿಸಿಹಾಕುವ ಕ್ರಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ.

ಖಾತೆ ಸರಿಯಿದ್ದರೂ ಬಾರದ ಸಂದರ್ಭಗಳು

ಮೊದಲನೆಯದು, ಬಗೆ ಬದಲಾಯಿಸುವುದು. ಆ್ಯಂಡ್ರಾಯ್ಡ್ ಬಿಟ್ಟು ಐಫೋನ್ ಕೊಂಡರೆ, ಅಥವಾ ಐಫೋನ್ ಬಿಟ್ಟು ಆ್ಯಂಡ್ರಾಯ್ಡ್ ಕೊಂಡರೆ, ಒಂದು ಮಳಿಗೆಯ ಖರೀದಿ ಇನ್ನೊಂದು ಮಳಿಗೆಯಲ್ಲಿ ನಡೆಯುವುದಿಲ್ಲ. ಆದರೆ ಆ್ಯಪ್ ತಯಾರಕರು ತಮ್ಮದೇ ಲಾಗಿನ್ ವ್ಯವಸ್ಥೆ ಇಟ್ಟಿದ್ದು, ವರ್ಷದ ಚಂದಾ ಆ ಲಾಗಿನ್‌ಗೆ ಜೋಡಣೆಯಾಗಿದ್ದರೆ, ಎರಡೂ ಬಗೆಯ ಫೋನುಗಳಲ್ಲಿ ಅದು ನಡೆಯಬಹುದು. ಕೊಳ್ಳುವಾಗಲೇ ಇದನ್ನು ಕೇಳಿ ತಿಳಿಯಬೇಕು.

ಎರಡನೆಯದು, ಆ್ಯಪ್ ಹಳತಾಗುವುದು. ಆಪಲ್ 2017ರಲ್ಲಿ ಐಓಎಸ್ 11 ಬಿಡುಗಡೆ ಮಾಡಿದಾಗ ಹಳೆಯ 32 ಬಿಟ್ ಆ್ಯಪ್‌ಗಳು ನಿಂತುಹೋದವು. ಆ್ಯಂಡ್ರಾಯ್ಡ್ 14 (2023) ಬಹಳ ಹಳೆಯ ಆವೃತ್ತಿಗಳಿಗೆಂದು ರೂಪಿಸಿದ ಆ್ಯಪ್‌ಗಳ ಸ್ಥಾಪನೆಯನ್ನೇ ತಡೆಯುತ್ತದೆ. ತಯಾರಕರು ಆ್ಯಪನ್ನು ಕಾಲಕಾಲಕ್ಕೆ ಪರಿಷ್ಕರಿಸದಿದ್ದರೆ, ಹಳೆಯ ಫೋನಿನಲ್ಲಿ ಚೆನ್ನಾಗಿ ನಡೆಯುತ್ತಿದ್ದುದು ಹೊಸದರಲ್ಲಿ ನಡೆಯದೆ ಹೋಗಬಹುದು.

ಮೂರನೆಯದು, ಮಳಿಗೆಯೇ ಮುಚ್ಚುವುದು. ನೋಕಿಯಾದ ಓವಿ ಸ್ಟೋರ್ 2009ರಲ್ಲಿ ಆರಂಭವಾಯಿತು, ಇಂದು ಅದಿಲ್ಲ. ವಿಂಡೋಸ್ ಫೋನ್ 8.1ರ ಆ್ಯಪ್ ಮಳಿಗೆಯನ್ನು ಮೈಕ್ರೋಸಾಫ್ಟ್ 2019ರ ಡಿಸೆಂಬರ್‌ನಲ್ಲಿ ಮುಚ್ಚಿತು. ಬ್ಲ್ಯಾಕ್‌ಬೆರಿಯ ಮಳಿಗೆಯೂ ಅದೇ ತಿಂಗಳ ಕೊನೆಗೆ ಮುಚ್ಚಿತು. ಇವುಗಳಲ್ಲಿ ಹಣ ತೆತ್ತು ಕೊಂಡ ಆ್ಯಪ್‌ಗಳನ್ನು ಆ್ಯಂಡ್ರಾಯ್ಡ್ ಫೋನಿಗೋ ಐಫೋನಿಗೋ ತರುವ ಮಾರ್ಗವಿರಲಿಲ್ಲ.

ಆ್ಯಪ್‌ಗಿಂತ ಲೆಕ್ಕ ದೊಡ್ಡದು

ಆ್ಯಪ್‌ನ ಬೆಲೆ ಕೆಲವು ನೂರು ಅಥವಾ ಕೆಲವು ಸಾವಿರ ರೂಪಾಯಿ. ಅದನ್ನು ಮತ್ತೊಮ್ಮೆ ತೆತ್ತರೂ ವ್ಯಾಪಾರ ಮುಳುಗುವುದಿಲ್ಲ. ನಿಜವಾದ ನಷ್ಟವಿರುವುದು ಅದರೊಳಗಿನ ಬಿಲ್ಲುಗಳು, ಬಾಕಿದಾರರ ಪಟ್ಟಿ, ದಾಸ್ತಾನಿನ ಲೆಕ್ಕ ಇವು ಕೈತಪ್ಪಿದಾಗ. ಹಲವು ಆ್ಯಪ್‌ಗಳು ಈ ಮಾಹಿತಿಯನ್ನು ಫೋನಿನಲ್ಲಿ ಮಾತ್ರ ಇಡುತ್ತವೆ. ಆ್ಯಪ್ ಹೊಸ ಫೋನಿಗೆ ಬಂದರೂ ಒಳಗೆ ಖಾಲಿಯಾಗಿರುವುದು ಇದೇ ಕಾರಣದಿಂದ.

ಇಲ್ಲಿ ಕಾನೂನಿನ ಹೊಣೆಯೂ ಇದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೇ ಕಲಮಿನ ಪ್ರಕಾರ, ನೋಂದಾಯಿತ ವ್ಯಾಪಾರಸ್ಥರು ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಪಾಡಬೇಕು. 2023-24ನೇ ಸಾಲಿಗೆ ಆ ಕೊನೆಯ ದಿನ 2024ರ ಡಿಸೆಂಬರ್ 31 ಆಗಿತ್ತು. ಅಂದರೆ 2023ರ ಏಪ್ರಿಲ್‌ನಲ್ಲಿ ಬರೆದ ಬಿಲ್ಲು 2030ರ ಡಿಸೆಂಬರ್ ಕೊನೆಯವರೆಗೆ ಸಿಗುವಂತಿರಬೇಕು. ಇಷ್ಟರಲ್ಲಿ ಎರಡು ಫೋನುಗಳಾದರೂ ಬದಲಾಗಿರುತ್ತವೆ. ವಿದ್ಯುನ್ಮಾನ ರೂಪದ ಲೆಕ್ಕಗಳಿಗೆ ಸರಿಯಾದ ಬ್ಯಾಕಪ್ ಇಡಬೇಕೆಂದು ಇದೇ ತೆರಿಗೆಯ 57ನೇ ನಿಯಮವೂ ವಿಧಿಸುತ್ತದೆ. 'ಫೋನು ಹಾಳಾಯಿತು' ಎಂಬ ಸಬೂಬಿನಿಂದ ಈ ಹೊಣೆ ತೀರುವುದಿಲ್ಲ.

ನೋಂದಣಿ ಇಲ್ಲದವರೂ ನಿಶ್ಚಿಂತರಾಗಿರುವಂತಿಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಹಿಂದಿನ ವರ್ಷಗಳ ಯುಪಿಐ ಜಮೆಗಳ ಆಧಾರದ ಮೇಲೆ ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದ್ದು ಎಲ್ಲರಿಗೂ ನೆನಪಿದೆ. ಅಂತಹ ಸಮಯದಲ್ಲಿ ಬಂದ ಹಣದಲ್ಲಿ ತೆರಿಗೆ ವಿನಾಯಿತಿಯ ಸರಕಿನ ಮಾರಾಟ ಎಷ್ಟು, ಕೈಸಾಲ ಎಷ್ಟು, ಮನೆಯವರ ಹಣ ಎಷ್ಟು ಎಂದು ತೋರಿಸಬೇಕಾಗುತ್ತದೆ. ಜಮೆಯಾದ ಮೊತ್ತ ಬ್ಯಾಂಕಿನ ಪಟ್ಟಿಯಲ್ಲಿ ಸಿಗುತ್ತದೆ. ಅದು ಏತಕ್ಕಾಗಿ ಬಂದಿತು ಎಂಬುದು ನಮ್ಮ ಲೆಕ್ಕದಲ್ಲಿ ಮಾತ್ರ ಇರುತ್ತದೆ.

ಯುಪಿಐ ಬಗ್ಗೆ ಒಂದು ಮಾತು

ಯುಪಿಐ ಆ್ಯಪ್ ಹೋದರೆ ಹಣ ಹೋಯಿತೆಂಬ ಗಾಬರಿ ಬೇಡ. ಬ್ಯಾಂಕ್ ಖಾತೆಗೆ ಜಮೆಯಾದ ಹಣ ಅಲ್ಲಿಯೇ ಇರುತ್ತದೆ. ಆದರೆ ಹೊಸ ಫೋನಿನಲ್ಲಿ ನೋಂದಣಿಗಾಗಿ ಬ್ಯಾಂಕಿಗೆ ಜೋಡಿಸಿದ ಸಂಖ್ಯೆಯ ಸಿಮ್‌ನಿಂದಲೇ ಎಸ್‌ಎಂಎಸ್ ಹೋಗಬೇಕು. ಆ ಸಿಮ್ ನಿಂತುಹೋಗಿದ್ದರೆ ಮೊದಲು ಬ್ಯಾಂಕ್ ಶಾಖೆಯಲ್ಲಿ ಸಂಖ್ಯೆ ಬದಲಾಯಿಸಿಕೊಳ್ಳಬೇಕು. ವಾಟ್ಸಾಪ್ ಬಿಸಿನೆಸ್ ಕೂಡ ಮೊಬೈಲ್ ಸಂಖ್ಯೆಗೆ ಬಂಧಿತವಾದುದರಿಂದ ಅದಕ್ಕೂ ಸಿಮ್ ಮುಖ್ಯ.

ಫೋನು ಬದಲಾಯಿಸುವ ಮುನ್ನ

1. ವ್ಯವಹಾರಕ್ಕೆಂದೇ ಪ್ರತ್ಯೇಕ ಇ-ಮೇಲ್ ಖಾತೆಯನ್ನು ಮಾಲೀಕರ ಹತೋಟಿಯಲ್ಲಿ ತೆರೆಯಿರಿ. ಮುಂದಿನ ಎಲ್ಲ ಖರೀದಿಗಳೂ ಅದರಲ್ಲಿಯೇ ಆಗಲಿ.

2. ಖಾತೆಯ ವಿಳಾಸ ಮತ್ತು ಪಾಸ್‌ವರ್ಡನ್ನು ಬರೆದು ಬೀಗದಲ್ಲಿಡಿ. ಪಾಸ್‌ವರ್ಡ್ ಮರೆತಾಗ ಸಂದೇಶ ಬರುವ ಸಂಖ್ಯೆ ನಿಮ್ಮದೇ ಆಗಿದ್ದು, ಚಾಲ್ತಿಯಲ್ಲಿರಲಿ.

3. ಹಣ ಕೊಟ್ಟ ಆ್ಯಪ್‌ಗಳ ಪಟ್ಟಿ ಮಾಡಿ, ಕೊಂಡ ದಿನಾಂಕ, ಖಾತೆ, ರಸೀದಿಯ ಇ-ಮೇಲ್ ಇವುಗಳನ್ನು ನಮೂದಿಸಿ.

4. ಬಿಲ್ಲು ಹಾಗೂ ಬಾಕಿ ಲೆಕ್ಕವನ್ನು ತಿಂಗಳಿಗೊಮ್ಮೆ ಎಕ್ಸೆಲ್ ಅಥವಾ ಪಿಡಿಎಫ್ ರೂಪದಲ್ಲಿ ಹೊರತೆಗೆದು, ಗಣಕಯಂತ್ರದಲ್ಲಿ ಒಂದು ಪ್ರತಿ, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇಡಿ. ಹೀಗೆ ಹೊರತೆಗೆಯಲು ಬಿಡದ ಆ್ಯಪನ್ನು ಕೊಳ್ಳದಿರುವುದೇ ಲೇಸು.

5. ಹೊಸ ಫೋನು ಬಂದ ಕೂಡಲೇ ಹಳೆಯದನ್ನು ವಿನಿಮಯಕ್ಕೆ ಕೊಡಬೇಡಿ. ಒಂದು ತಿಂಗಳ ವ್ಯವಹಾರ ಹೊಸದರಲ್ಲಿ ಸುಗಮವಾಗಿ ನಡೆದ ಮೇಲೆಯೇ ಹಳೆಯದರ ಮಾಹಿತಿ ಅಳಿಸಿರಿ.

6. ಹೊಸ ಫೋನು ಮತ್ತೊಮ್ಮೆ ಹಣ ಕೇಳಿದರೆ ಕೂಡಲೇ ಪಾವತಿಸಬೇಡಿ. ಸರಿಯಾದ ಖಾತೆ ತೆರೆದಿದೆಯೇ ನೋಡಿ, ಆ್ಯಪ್‌ನೊಳಗೆ ಖರೀದಿಯನ್ನು ಮರಳಿ ಪಡೆಯುವ ಆಯ್ಕೆಯಿದ್ದರೆ ಬಳಸಿ, ಅದೂ ಆಗದಿದ್ದರೆ ರಸೀದಿಯೊಂದಿಗೆ ತಯಾರಕರಿಗೆ ಬರೆಯಿರಿ.

ಹಿಂದಿನ ವ್ಯಾಪಾರಸ್ಥರು ಅಂಗಡಿ ಬದಲಾಯಿಸಿದಾಗ ಮೊದಲು ಸಾಗಿಸುತ್ತಿದ್ದುದು ಖಾತೆ ಪುಸ್ತಕಗಳನ್ನು. ಕಪಾಟು, ಗಲ್ಲಾಪೆಟ್ಟಿಗೆಗಳನ್ನು ಮತ್ತೆ ಕೊಳ್ಳಬಹುದು, ಲೆಕ್ಕವನ್ನು ಕೊಳ್ಳಲಾಗದು ಎಂಬುದು ಅವರಿಗೆ ತಿಳಿದಿತ್ತು. ಫೋನಿನ ವಿಷಯದಲ್ಲಿಯೂ ಇದೇ ಕ್ರಮವನ್ನು ಅನುಸರಿಸಿದರೆ ಸದಸ್ಯ ಬಂಧುಗಳು ಅನಗತ್ಯ ಖರ್ಚನ್ನೂ ಮುಂದಿನ ತೊಡಕನ್ನೂ ತಪ್ಪಿಸಿಕೊಳ್ಳಬಹುದು.