ಮತಗಟ್ಟೆಗೆ ಮೊದಲೇ ಕಳೆದುಹೋಗುವ ಮತ

ಹಿರಿಯೂರು ತಾಲ್ಲೂಕಿನ ಧರ್ಮಪುರವು ಆಂಧ್ರದ ಗಡಿಯ ಸಮೀಪದ ಹೋಬಳಿ ಕೇಂದ್ರ. ಮಳೆಯನ್ನೇ ನಂಬಿದ ಶೇಂಗಾ ಬೆಳೆ, ನೀರಿಗಾಗಿ ಬಹುಕಾಲದಿಂದ ಬಾಯ್ದೆರೆದು ನಿಂತ ಹಳೆಯ ಕೆರೆ, ಸುತ್ತಲೂ ಚಿಕ್ಕಪುಟ್ಟ ಹಳ್ಳಿಗಳು. ಇಂತಹ ಸೀಮೆಯಲ್ಲಿ ಚುನಾವಣೆಯೆಂಬುದು ಕೇವಲ ಸೋಲು ಗೆಲುವಿನ ಕುತೂಹಲವಲ್ಲ. ಕೆರೆಗೆ ನೀರು, ಊರಿಗೆ ರಸ್ತೆ, ಮಕ್ಕಳಿಗೆ ಶಾಲೆ ಎಂಬ ಬದುಕಿನ ಪ್ರಶ್ನೆ. ಆದುದರಿಂದಲೇ ಪ್ರತಿ ಚುನಾವಣೆಯ ನಂತರವೂ ನಾಡಿನ ಎಲ್ಲೆಡೆ ಏಳುವ ಸಂದೇಹ ಇಂತಹ ಊರುಗಳಲ್ಲಿಯೂ ಏಳುವುದು ಸಹಜ: ನಾವು ಹಾಕಿದ ಮತ ನಾವು ಹಾಕಿದವರಿಗೇ ಸಂದಿತೇ?

ಈ ಸಂದೇಹವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸಲ್ಲದು. ಕೇಳುವ ಹಕ್ಕು ಪ್ರಜೆಗಿದೆ. ಆದರೆ ಯಂತ್ರದೊಳಗೆ ಏನಾಯಿತೆಂದು ಚಿಂತಿಸುವ ನಾವು, ಯಂತ್ರದ ಮುಂದೆ ನಿಲ್ಲುವ ಮೊದಲೇ ಮತ ಕಳೆದುಹೋಗುವ ದಾರಿಗಳನ್ನು ನೋಡದೆ ಬಿಡುತ್ತೇವೆ. ಒಂದು ದಾರಿ ಮತದಾರರ ಪಟ್ಟಿಯಲ್ಲಿದೆ. ಇನ್ನೊಂದು ನಮ್ಮ ಊರಿನಲ್ಲಿ, ನಮ್ಮ ಸಮಾಜದಲ್ಲಿ, ನಮ್ಮ ಮನೆಯಂಗಳದಲ್ಲಿಯೇ ಇದೆ.

ಹೊಸದುರ್ಗದ ಒಂದು ಪಾಠ

ಇದೇ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ಕ್ಷೇತ್ರದಲ್ಲಿ 1962ರಲ್ಲಿ ನಡೆದ ಘಟನೆಯನ್ನು ಹಿರಿಯರು ಮರೆತಿರಲಾರರು. ಏಕೀಕೃತ ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರು ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಸೋತರು. ಅವರ ಪಕ್ಷಕ್ಕೆ ಬಹುಮತ ಬಂದಿತ್ತು, ಆದರೂ ಎಸ್.ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಬೇಕಾಯಿತು. ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆಯೇ ನಿಜಲಿಂಗಪ್ಪನವರು ಮತ್ತೆ ಅಧಿಕಾರ ವಹಿಸಿಕೊಂಡರು. ಅವರು ನಮ್ಮ ಸಮಾಜದ ಹೆಮ್ಮೆಯ ಹಿರಿಯರು, ನಾಡಿನ ಏಕೀಕರಣಕ್ಕಾಗಿ ದುಡಿದವರು. ಅಂತಹವರಿಗೂ 'ಈ ಸಲ ಬೇಡ' ಎಂದು ಹೇಳುವ ಅಧಿಕಾರ ಹೊಸದುರ್ಗದ ಸಾಮಾನ್ಯ ರೈತನ ಕೈಯಲ್ಲಿತ್ತು. ಗುಪ್ತ ಮತದಾನದ ಘನತೆ ಇದೇ. ಮತ ಹಾಕಿದವನು ಯಾರೆಂದು ಯಾರಿಗೂ ತಿಳಿಯದಿದ್ದಾಗ ಮಾತ್ರ ದುರ್ಬಲನೂ ಬಲಶಾಲಿಯ ಎದುರು ನಿರ್ಭಯನಾಗುತ್ತಾನೆ.

ದೊಣ್ಣೆಯಿಲ್ಲದ ಬೆದರಿಕೆ

ಬೆದರಿಕೆ ಎಂದೊಡನೆ ದೊಣ್ಣೆ ಹಿಡಿದು ಮತಗಟ್ಟೆಗೆ ನುಗ್ಗುವ ಗುಂಪು ನಮ್ಮ ಕಣ್ಣಮುಂದೆ ಬರುತ್ತದೆ. ಆದರೆ ಹಳ್ಳಿಯ ಬೆದರಿಕೆ ಬಹುಮಟ್ಟಿಗೆ ಮೆಲುದನಿಯದು. 'ನಮ್ಮವರನ್ನು ಬಿಟ್ಟು ಹಾಕಿದರೆ ನಾಳೆ ಮದುವೆ ಮುಂಜಿಗೆ ಯಾರು ಬರುತ್ತಾರೆ ನೋಡೋಣ', 'ಸೊಸೈಟಿಯ ಸಾಲ ಹೇಗೆ ಸಿಗುತ್ತದೋ ನೋಡೋಣ' ಎಂಬ ಮಾತುಗಳು ಅದರ ರೂಪ. ಹಣ ಕೊಟ್ಟು ದೇವರ ಮುಂದೆ ಆಣೆ ಮಾಡಿಸುವುದು ಅದರ ಇನ್ನೊಂದು ರೂಪ. ಹಣ ಪಡೆದವರು ದೇವರಿಗೆ ಹೆದರಿ ಮಾತಿಗೆ ಕಟ್ಟುಬೀಳುತ್ತಾರೆ. ಹೀಗೆ ದೈವಭಕ್ತಿಯನ್ನೇ ಮತ ಖರೀದಿಯ ಜಾಮೀನಾಗಿ ಮಾಡಿಕೊಳ್ಳುವುದಕ್ಕಿಂತ ದೊಡ್ಡ ಅಪಚಾರ ಯಾವುದಿದೆ?

ಕಾನೂನು ಈ ವಿಷಯದಲ್ಲಿ ನಾವು ತಿಳಿದಿರುವುದಕ್ಕಿಂತ ಸ್ಪಷ್ಟವಾಗಿದೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 123ನೆಯ ಕಲಮು 'ಅನುಚಿತ ಪ್ರಭಾವ'ವನ್ನು ಭ್ರಷ್ಟ ಆಚರಣೆಯೆಂದು ಹೇಳುತ್ತದೆ. ಮತದಾರನಿಗೆ ಸಾಮಾಜಿಕ ಬಹಿಷ್ಕಾರದ ಅಥವಾ ಜಾತಿ ಸಮುದಾಯದಿಂದ ಹೊರಹಾಕುವ ಬೆದರಿಕೆ ಹಾಕುವುದು, ದೇವರ ಅವಕೃಪೆಗೆ ಪಾತ್ರನಾಗುವೆಯೆಂದು ನಂಬಿಸುವುದು ಇವೆರಡನ್ನೂ ಅದು ಹೆಸರಿಟ್ಟು ಹೇಳಿದೆ. ಅಭ್ಯರ್ಥಿಯಾಗಲಿ ಅವನ ಏಜೆಂಟನಾಗಲಿ ಇಂತಹ ಕೃತ್ಯ ಮಾಡಿದ್ದು ನ್ಯಾಯಾಲಯದಲ್ಲಿ ಸಾಬೀತಾದರೆ ಆಯ್ಕೆಯೇ ರದ್ದಾಗಬಹುದು. ಅನುಚಿತ ಪ್ರಭಾವ ಬೀರಿದವರು ಯಾರೇ ಆಗಿರಲಿ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಒಂದು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡಕ್ಕೂ ಗುರಿಯಾಗಬಹುದು. ಜಾತಿ, ಧರ್ಮದ ಹೆಸರಿನಲ್ಲಿ ಮತ ಕೇಳುವುದೂ ಭ್ರಷ್ಟ ಆಚರಣೆಯೇ. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮದ ಹೆಸರೆತ್ತಿ ಕೇಳುವುದೂ ತಪ್ಪೆಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ಬಹುಮತದಿಂದ ತೀರ್ಪಿತ್ತಿತು. ಸಮಾಜದ ಮುಖಂಡರೆನಿಸಿದವರು ಈ ಮಾತುಗಳನ್ನು ಗಮನವಿಟ್ಟು ಓದಬೇಕು.

2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯ ಕಾಲದಲ್ಲಿ ರಾಜ್ಯದ ಕೆಲವು ಹಳ್ಳಿಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಕೂಗಿದ ವರದಿಗಳು ಬಂದವು. ಹರಾಜಿನ ಹಣ ಗುಡಿಯ ಕೆಲಸಕ್ಕೆಂದು ಸಮಾಧಾನ ಹೇಳಿದವರೂ ಉಂಟು. ಹಣ ಗುಡಿಗೆ ಹೋದ ಮಾತ್ರಕ್ಕೆ ಊರಿನವರ ಮತ ಕಸಿದುಕೊಂಡ ಪಾಪ ಪುಣ್ಯವಾಗದು.

ಅಂಗೈಯ ಲಿಂಗ, ಬೆರಳ ಮತ

ಇನ್ನು ಮನೆಯ ಮಾತು. 'ನಮ್ಮ ಮನೆಯಲ್ಲಿ ಎಂಟು ವೋಟು' ಎಂದು ಯಜಮಾನರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಆ ಎಂಟು ಮತಗಳು ಎಂಟು ಜನರವೇ ಹೊರತು ಮನೆಯ ಆಸ್ತಿಯಲ್ಲ. ಬಸವಾದಿ ಶರಣರು ದೇವರನ್ನು ಗುಡಿಯಿಂದ ತಂದು ಪ್ರತಿಯೊಬ್ಬರ ಅಂಗೈಯ ಮೇಲಿರಿಸಿದರು. ಹೆಣ್ಣಿಗೂ ಗಂಡಿಗೂ ಅದೇ ಲಿಂಗ, ಅದೇ ಪೂಜೆ, ನಡುವೆ ಮಧ್ಯವರ್ತಿಯಿಲ್ಲ. ತನ್ನ ಇಷ್ಟಲಿಂಗವನ್ನು ತಾನೇ ಪೂಜಿಸುವ ಸೊಸೆಗೆ ತನ್ನ ಮತವನ್ನು ತಾನೇ ನಿರ್ಧರಿಸುವ ಸ್ವಾತಂತ್ರ್ಯವಿಲ್ಲದಿದ್ದರೆ ನಾವು ಶರಣರಿಂದ ಕಲಿತದ್ದೇನು? ಮತ ಹಾಕಿ ಬಂದ ಹೆಣ್ಣುಮಕ್ಕಳನ್ನು 'ಯಾರಿಗೆ ಹಾಕಿದೆ?' ಎಂದು ಕೇಳದಿರುವುದೇ ಮನೆಯ ಹಿರಿಯರು ತೋರಬಹುದಾದ ದೊಡ್ಡ ಸೌಜನ್ಯ.

ವೃದ್ಧರ ವಿಷಯದಲ್ಲಿಯೂ ಎಚ್ಚರ ಬೇಕು. ಕಣ್ಣು ಕಾಣದವರು, ಅಶಕ್ತರು ತಮ್ಮೊಡನೆ 18 ವರ್ಷ ತುಂಬಿದ ಒಬ್ಬ ಸಂಗಾತಿಯನ್ನು ಕರೆದೊಯ್ಯಬಹುದು. ಆದರೆ ಒಬ್ಬನು ಒಂದೇ ದಿನ ಒಬ್ಬರಿಗಿಂತ ಹೆಚ್ಚು ಮತದಾರರಿಗೆ ಸಂಗಾತಿಯಾಗುವಂತಿಲ್ಲ. ಊರಿನ ಅಜ್ಜ ಅಜ್ಜಿಯರನ್ನೆಲ್ಲ ಒಬ್ಬನೇ ಕೈಹಿಡಿದು ಕರೆತರುತ್ತಿದ್ದರೆ ಅದು ಸೇವೆಯಲ್ಲ.

ಹಳ್ಳಿಯ ಗುಟ್ಟು ಬಯಲಾಗುವ ಬಗೆ

ಚಿಕ್ಕ ಹಳ್ಳಿಗಳ ಭಯಕ್ಕೆ ಇನ್ನೊಂದು ನಿಜವಾದ ಕಾರಣವುಂಟು. ಕಾಗದದ ಮತಪತ್ರಗಳಿದ್ದ ಕಾಲದಲ್ಲಿ ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸಿ ಎಣಿಸಲು ಅವಕಾಶವಿತ್ತು. ಈಗ ಮತಗಟ್ಟೆವಾರು ಎಣಿಕೆಯಾಗುವುದರಿಂದ ಯಾವ ಹಳ್ಳಿ ಯಾರಿಗೆ ಎಷ್ಟು ಕೊಟ್ಟಿತೆಂಬುದು ಗೆದ್ದವರಿಗೂ ಸೋತವರಿಗೂ ತಿಳಿದುಹೋಗುತ್ತದೆ. 'ಮತ ಕೊಡದ ಊರಿಗೆ ಕೆರೆಯ ಕಾಲುವೆ ಬಾರದು' ಎಂಬ ಅಂಜಿಕೆ ಹುಟ್ಟುವುದು ಇಲ್ಲಿಂದ. ಹಲವು ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ತೋರಿಸುವ 'ಟೋಟಲೈಸರ್' ಸಾಧನವನ್ನು ಬಳಸಬೇಕೆಂದು ಚುನಾವಣಾ ಆಯೋಗವು 2008ರಲ್ಲಿಯೇ ಸೂಚಿಸಿತು. ಕಾನೂನು ಆಯೋಗ 2015ರ ತನ್ನ 255ನೆಯ ವರದಿಯಲ್ಲಿ ಅದನ್ನು ಬೆಂಬಲಿಸಿತು. ಅದಿನ್ನೂ ಜಾರಿಗೆ ಬಂದಿಲ್ಲ. ಹಳ್ಳಿಗಳ ಪರವಾಗಿ ಕೇಳಬೇಕಾದ ಬೇಡಿಕೆಗಳಲ್ಲಿ ಇದೂ ಒಂದು.

ಆಳಂದದ ಎಚ್ಚರಿಕೆ

ಪಟ್ಟಿಯಿಂದಲೇ ಮತ ಕಳೆಯುವ ಬಗೆಯನ್ನು ಕಲಬುರಗಿ ಜಿಲ್ಲೆಯ ಆಳಂದ ತೋರಿಸಿಕೊಟ್ಟಿದೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಅಲ್ಲಿ ಹೆಸರು ತೆಗೆದುಹಾಕುವಂತೆ ಕೋರುವ 6,018 ಅರ್ಜಿಗಳು ಅಂತರ್ಜಾಲದ ಮೂಲಕ ಸಲ್ಲಿಕೆಯಾದವು. ದೂರು ಬಂದ ಮೇಲೆ ಮನೆಮನೆಗೆ ಹೋಗಿ ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. 2023ರ ಫೆಬ್ರವರಿಯಲ್ಲಿ ಪೊಲೀಸ್ ಮೊಕದ್ದಮೆ ದಾಖಲಾಯಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ವಿಶೇಷ ತನಿಖಾ ದಳವನ್ನು ರಚಿಸಿತು. ತಪ್ಪಿತಸ್ಥರನ್ನು ನ್ಯಾಯಾಲಯ ನಿರ್ಣಯಿಸಲಿ. ನಮಗೆ ಮುಖ್ಯವಾದುದು ಬೇರೆ: ಆ ಸಾವಿರಾರು ಹೆಸರುಗಳು ಉಳಿದದ್ದು, ಸ್ಥಳೀಯರು ಮತದಾನದ ದಿನಕ್ಕಾಗಿ ಕಾಯದೆ ಮೊದಲೇ ಪ್ರಶ್ನಿಸಿದ್ದರಿಂದ.

ಒಂದು ಮತದಿಂದ ಏನಾದೀತೆಂದು ಕೇಳುವವರಿಗೆ ಸಂತೇಮರಹಳ್ಳಿಯ ಉತ್ತರವಿದೆ. 2004ರಲ್ಲಿ ಅಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿಯವರನ್ನು ಸೋಲಿಸಿದ್ದು ಒಂದೇ ಒಂದು ಮತದಿಂದ.

ಯಂತ್ರವನ್ನು ಕಾಯುವವರು ಯಾರು?

ಇನ್ನು ಯಂತ್ರದ ಮಾತಿಗೆ ಬರೋಣ. 2024ರ ಏಪ್ರಿಲ್ 26ರಂದು ಚಿತ್ರದುರ್ಗ ಲೋಕಸಭಾ ಕ್ಷೇತ್ರದ ಜನ ಮತಗಟ್ಟೆಗಳ ಮುಂದೆ ಸಾಲುಗಟ್ಟಿದ್ದರು. ಅದೇ ದಿನ ದೆಹಲಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಎಲ್ಲ ಮತಖಾತರಿ ಚೀಟಿಗಳನ್ನೂ ಎಣಿಸಬೇಕೆಂಬ ಕೋರಿಕೆಯನ್ನು ತಳ್ಳಿಹಾಕಿತು. ಪ್ರತಿ ವಿಧಾನಸಭಾ ಕ್ಷೇತ್ರದ ಐದು ಮತಗಟ್ಟೆಗಳ ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕದೊಡನೆ ತಾಳೆ ನೋಡಬೇಕೆಂಬ 2019ರ ನಿಯಮವೇ ಉಳಿಯಿತು. ಎಂಟು ವಿಧಾನಸಭಾ ಕ್ಷೇತ್ರಗಳುಳ್ಳ ಚಿತ್ರದುರ್ಗಕ್ಕೆ ಇದರ ಲೆಕ್ಕ 40 ಮತಗಟ್ಟೆಗಳು. ಇದು ಸಾಕೇ ಎಂಬ ಚರ್ಚೆ ಮುಂದುವರಿಯಲಿ. 2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸಚಿವ ಸಂಪುಟವು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಮತ್ತೆ ಮತಪತ್ರ ಬಳಸುವಂತೆ ಶಿಫಾರಸು ಮಾಡಿದೆ. ಆದರೆ ಕಾಗದವಿದ್ದಾಗಲೂ ಮತಗಟ್ಟೆ ವಶಪಡಿಸಿಕೊಂಡವರಿದ್ದರು. ಕಾಯುವವರಿಲ್ಲದ ಹೊಲಕ್ಕೆ ಯಾವ ಬೇಲಿಯೂ ಸಾಲದು.

ಕಾಯುವ ಕೆಲಸ ಮತಗಟ್ಟೆ ಏಜೆಂಟನದು. ಮತದಾನಕ್ಕೆ ಸುಮಾರು ಒಂದೂವರೆ ಗಂಟೆ ಮೊದಲು ನಡೆಯುವ ಅಣಕು ಮತದಾನದಲ್ಲಿ ಕನಿಷ್ಠ 50 ಮತಗಳನ್ನು ಹಾಕಿ ಎಣಿಸಿ ಅಳಿಸುತ್ತಾರೆ, ಅವನು ಅಲ್ಲಿರಬೇಕು. ಮೊಹರಿನ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಬಂದವನು ನಿಜವಾದ ಮತದಾರನಲ್ಲವೆಂದು ತೋರಿದರೆ ಎರಡು ರೂಪಾಯಿ ಠೇವಣಿಯಿಟ್ಟು ಆಕ್ಷೇಪಿಸಬಹುದು. ಸಂಜೆ ಹಾಕಿದ ಮತಗಳ ಲೆಕ್ಕವುಳ್ಳ 17-ಸಿ ನಮೂನೆಯ ಪ್ರತಿಯನ್ನು ಪಡೆಯದೆ ಏಳಬಾರದು. ಎಣಿಕೆಯ ದಿನ ಯಂತ್ರ ತೋರುವ ಒಟ್ಟು ಸಂಖ್ಯೆಯನ್ನು ತಾಳೆ ನೋಡಲು ಆ ಹಾಳೆಯೇ ಆಧಾರ. ಮಧ್ಯಾಹ್ನದ ಊಟಕ್ಕೆದ್ದು ಮರಳಿ ಬಾರದ ಏಜೆಂಟನು, ಮರುದಿನ ಕಟ್ಟೆಯ ಮೇಲೆ ಕುಳಿತು ಮೋಸವಾಯಿತೆಂದು ಹೇಳುವುದರಲ್ಲಿ ಅರ್ಥವಿಲ್ಲ.

ಮತದಾರನಿಗೂ ಹಕ್ಕುಗಳಿವೆ. ತನ್ನ ಹೆಸರಿನಲ್ಲಿ ಬೇರೊಬ್ಬನು ಆಗಲೇ ಮತ ಹಾಕಿದ್ದರೆ ಮರಳಿ ಹೋಗಬೇಕಾಗಿಲ್ಲ. 'ಟೆಂಡರ್ ಮತ'ವನ್ನು ಕಾಗದದ ಮೇಲೆ ಹಾಕಲು ಕೇಳಬಹುದು. ಗುಂಡಿ ಒತ್ತಿದ ಮೇಲೆ ಏಳು ಸೆಕೆಂಡು ಕಾಣುವ ಚೀಟಿಯನ್ನು ನೋಡಿಯೇ ಹೊರಬರಬೇಕು. ಬೆದರಿಕೆ, ಹಣ ಹಂಚಿಕೆ ಕಂಡರೆ 1950 ಸಂಖ್ಯೆಗೆ ದೂರವಾಣಿ ಮಾಡಬಹುದು. ಚುನಾವಣೆಯ ಕಾಲದಲ್ಲಿ 'ಸಿ-ವಿಜಿಲ್' ಎಂಬ ಮೊಬೈಲ್ ವ್ಯವಸ್ಥೆಯ ಮೂಲಕ ಚಿತ್ರಸಹಿತ ದೂರು ಕೊಡಬಹುದು. ಎಲ್ಲಕ್ಕಿಂತ ಮೊದಲು, ಮನೆಯ ಎಲ್ಲರ ಹೆಸರೂ ಪಟ್ಟಿಯಲ್ಲಿದೆಯೇ ಎಂದು ವರ್ಷಕ್ಕೊಮ್ಮೆಯಾದರೂ ನೋಡಿಕೊಳ್ಳಬೇಕು. ಸೇರಿಸಲು 6ನೆಯ ನಮೂನೆ, ತೆಗೆಯಲು 7, ತಿದ್ದಲು 8 ಎಂಬುದನ್ನು ಓದುಬರಹ ಬಲ್ಲ ಮಕ್ಕಳಿಗೆ ಕಲಿಸಿಕೊಡಬೇಕು.

ಬಂಧುಗಳೇ, ಚುನಾವಣೆಯ ದಿನ ನಮ್ಮ ಬೆರಳಿಗೆ ಹಚ್ಚುವ ಶಾಯಿ ನಮ್ಮ ಮೈಸೂರಿನ ಕಾರ್ಖಾನೆಯದೇ. 1962ರಿಂದ ಅದು ದೇಶದ ಮತದಾರರ ಬೆರಳನ್ನು ಗುರುತಿಸುತ್ತಾ ಬಂದಿದೆ. ಒಬ್ಬನು ಎರಡು ಬಾರಿ ಮತ ಹಾಕದಂತೆ ಆ ಶಾಯಿ ತಡೆಯುತ್ತದೆ. ಆದರೆ ಒಬ್ಬನ ಬೆರಳನ್ನು ಇನ್ನೊಬ್ಬನ ಮನಸ್ಸು ನಡೆಸುವುದನ್ನು ತಡೆಯುವ ಶಾಯಿ ಯಾವ ಕಾರ್ಖಾನೆಯಲ್ಲಿಯೂ ತಯಾರಾಗುವುದಿಲ್ಲ. ಆ ಕಾವಲನ್ನು ಊರೂರಿನಲ್ಲಿ, ಮನೆಮನೆಯಲ್ಲಿ ನಾವೇ ವಹಿಸಿಕೊಳ್ಳಬೇಕು. ಹಾಗೆ ಮಾಡಿದಂದು ಯಂತ್ರದ ಬಗ್ಗೆ ಪ್ರಶ್ನೆ ಕೇಳುವ ನಮ್ಮ ದನಿಗೂ ಹೆಚ್ಚಿನ ಬೆಲೆ ಬಂದೀತು.