ಬಿಂಬ ಕೇಳಿದ ಪ್ರಶ್ನೆ

ಒಬ್ಬಳೇ ನಟಿ, ಒಂದು ಟಿವಿ ಸ್ಟುಡಿಯೋ. ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ ನಾಟಕದಲ್ಲಿ ರಂಗದ ಮೇಲಿರೋದು ಇಷ್ಟೇ. 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ ಅರುಂಧತಿ ನಾಗ್ ಇದನ್ನು ಅಭಿನಯಿಸಿದ್ದರು. ಮಂಜುಳಾ ನಾಯಕ ಕನ್ನಡದಲ್ಲಿ ಕಥೆ ಬರೆಯುತ್ತಿದ್ದಾಕೆ. ಇಂಗ್ಲಿಷಿನಲ್ಲಿ ಕಾದಂಬರಿ ಬಂದದ್ದೇ ತಡ, ಹಣ, ಹೆಸರು ಎಲ್ಲಾ ಬಂತು. ಟಿವಿಯಲ್ಲಿ ಚೆಂದಾಗಿ ಭಾಷಣ ಮುಗಿಸಿ ಹೊರಡಬೇಕು, ಅಷ್ಟರಲ್ಲಿ ಪರದೆ ಮೇಲಿನ ಅವಳದೇ ಬಿಂಬ ಪ್ರಶ್ನೆ ಕೇಳೋಕೆ ಶುರು ಮಾಡುತ್ತದೆ. ಗಾಲಿಕುರ್ಚಿಯಲ್ಲೇ ಬದುಕಿದ ತಂಗಿ ಮಾಲಿನಿ, ಅವಳ ಜೊತೆ ಗಂಡನ ಸಲಿಗೆ, ಕಾದಂಬರಿ ನಿಜಕ್ಕೂ ಬರೆದವರಾರು... ಒಂದೊಂದೇ ಹೊರಗೆ ಬೀಳುತ್ತವೆ. ಕೊನೆಗೆ ಅಕ್ಕ ಯಾರು, ತಂಗಿ ಯಾರು ಎಂಬ ಗೆರೆಯೇ ಅಳಿಸಿಹೋಗುತ್ತದೆ.

ಇದಕ್ಕೆ ಕಾಯಿಲೆಯ ಹೆಸರು ಹಚ್ಚೋದು ಬೇಡ. ಆದರೆ ಮಂದಿ ಕಣ್ಣಿಗೆ ಗೆದ್ದವರು ಮನೆಯೊಳಗೆ ಒಡೆದಿರೋದು ನಮಗೇನು ಹೊಸದಲ್ಲವಲ್ಲ?

ನಮ್ಮ ಗದಗ ನಾಟಕದ ಊರು, ಗರುಡ ಸದಾಶಿವರಾಯರ ಕಂಪನಿ ಮೆರೆದ ನೆಲ. ಇವತ್ತಿಗೂ ಶಿರಹಟ್ಟಿ, ಮುಂಡರಗಿ ಕಡೆ ಜಾತ್ರೆಯ ನಾಟಕದಲ್ಲಿ ಹುಚ್ಚನ ಪಾತ್ರ ಬಂದರೆ ಸಿಳ್ಳೆ ಗ್ಯಾರಂಟಿ. ಅದೇ ಮನೆಯಲ್ಲಿ ಯಾರಿಗಾದರೂ ಮನಸ್ಸು ಕೆಟ್ಟರೆ ಬಾಗಿಲು ಹಾಕಿಕೊಂಡು ಗುಟ್ಟು. ಮೇಲೆ ಹಿರಿಯರ ಮಾತು: “ಮದುವಿ ಮಾಡ್ರಿ, ಎಲ್ಲಾ ಸರಿ ಹೋಗ್ತೈತಿ.” ಹುಡುಗ ಇಂಜಿನಿಯರು, ಬೆಂಗಳೂರಲ್ಲಿ ನೌಕರಿ ಅಂದರೆ ಮುಗೀತು, ಅವನಿಗೆ ರಾತ್ರಿ ನಿದ್ದೆ ಬರುತ್ತದೋ ಇಲ್ಲವೋ ಕೇಳುವವರಿಲ್ಲ. ಹುಡುಗಿಗೇ ಕಾಯಿಲೆ ಇದ್ದರಂತೂ ಅತ್ತೆಮನೆಗೆ ಗೊತ್ತಾದೀತು ಅಂತ ಮಾತ್ರೆಯನ್ನೇ ಬಿಡಿಸಿ ಕಳಿಸುತ್ತಾರೆ. ಕಾಯಿಲೆ ಮರುಕಳಿಸೋದು ಎಷ್ಟೋ ಸಲ ಅಲ್ಲಿಂದಲೇ.

ಮದುವೆ ಔಷಧವಲ್ಲ. ನಿಶ್ಚಯಕ್ಕೆ ಮೊದಲೇ ಎರಡೂ ಮನೆಯವರು ಬಾಯಿಬಿಟ್ಟು ಮಾತಾಡಿ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ, ಗರ್ಭಿಣಿಯಾದರೂ ಅಷ್ಟೇ, ಅವರನ್ನೇ ಕೇಳಿ. ಎರಡು ವಾರ ಮೀರಿ ನಿದ್ದೆ, ಊಟ ತಪ್ಪಿ, ಯಾವುದರಲ್ಲೂ ಮನಸ್ಸಿಲ್ಲದಂತಾದರೆ ಅದು ಮೈಗಳ್ಳತನ ಅಲ್ಲ ಕಣ್ರೀ. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ.

ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಲಕ್ಷ್ಮೇಶ್ವರದಿಂದಲೂ ಒಂದೇ ದಿನದಲ್ಲಿ ಹೋಗಿ ಬರಬಹುದು. ಅಲ್ಲಿಗೆ ಹೋಗೋಕೂ ಸಂಕೋಚವಾದರೆ 2022ರಲ್ಲಿ ಶುರುವಾದ ಟೆಲಿ ಮಾನಸ್ ಇದೆ, ನಂಬರು 14416. ದುಡ್ಡಿಲ್ಲ, ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡಬಹುದು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಹಿತ್ತಲಲ್ಲಿ ನಿಂತು ಮಾಡಿದರೂ ನಡೆದೀತು.