ಸೇಬಿನ ಸಸಿಗೆ ಮೊದಲೆರಡು ವರ್ಷ



ಶಿಮ್ಲಾ, ಕುಲ್ಲು ಕಡೆ ಸೇಬಿನ ಸಸಿ ನೆಡುವುದು ಚಳಿಗಾಲದಲ್ಲಿ, ಎಲೆ ಉದುರಿ ಗಿಡ ಮಲಗಿರುವಾಗ. ಅಂಥ ಬೆಟ್ಟದೂರಲ್ಲಿ ನಿಮ್ಮದೋ ಸ್ನೇಹಿತರದೋ ಪುಟ್ಟ ತೋಟವಿದ್ದರೆ ಈ ಮಾತುಗಳು ನೆನಪಿರಲಿ.

ಕಸಿ ಕಟ್ಟಿದ ಗಂಟು ನೆಲದಿಂದ ನಾಲ್ಕಾರು ಇಂಚು ಮೇಲಿರಬೇಕು. ಅದು ಮಣ್ಣಲ್ಲಿ ಹೂತುಹೋದರೆ ಮೇಲಿನ ಕಸಿಕಡ್ಡಿಯೇ ಬೇರು ಬಿಟ್ಟು, ಗಿಡ್ಡವಾಗಿರಬೇಕಾದ ಗಿಡ ಹೆಮ್ಮರವಾಗಿ ಬೆಳೆಯುತ್ತದೆ. ಬುಡದಲ್ಲಿ ನೀರು ನಿಲ್ಲಬಾರದು, ಬೇರು ಕೊಳೆಯುತ್ತದೆ. ಗಾಳಿಗೆ ಅಲ್ಲಾಡದಂತೆ ಆಸರೆಗೆ ಒಂದು ಕೋಲು ಕಟ್ಟಿ.

ಮೊದಲೆರಡು ವರ್ಷ ಬಂದ ಹೂವನ್ನೆಲ್ಲ ಚಿವುಟಿಬಿಡಿ. ಮನಸ್ಸು ಬರುವುದಿಲ್ಲ, ನಿಜ. ಆದರೆ ಎಳೆಯ ಗಿಡ ಕಾಯಿ ಹೊತ್ತರೆ ಬೇರು, ಕೊಂಬೆಗಳಿಗೆ ಬಲ ಬರುವುದಿಲ್ಲ.

ಇನ್ನೊಂದು ಮಾತು: ರಾಯಲ್ ಡೆಲಿಷಸ್ ಒಂದನ್ನೇ ಹಾಕಬೇಡಿ. ಜೊತೆಗೆ ಗೋಲ್ಡನ್ ಡೆಲಿಷಸ್ ಕೂಡ ಇರಲಿ. ಬೇರೆ ತಳಿಯ ಪರಾಗವನ್ನು ಜೇನುನೊಣ ತಂದರಷ್ಟೇ ಚೆನ್ನಾಗಿ ಕಾಯಿ ಕಚ್ಚುತ್ತದೆ.